ಸೀಟಿನ ಮೆತ್ತೆಗೆ ಕೊಳೆ ಹತ್ತಿಸಿದ್ದು

ಅಂಗಿಯ ಗುಂಡಿ ಕಿತ್ತರೆ ಪಿನ್ನು ಚುಚ್ಚಿಕೊಂಡು ಓಡಾಡುವ ಭೂಗೋಳದ ಮೇಷ್ಟ್ರು, ವಿಮಾನದ ಸೀಟಿನ ಮೆತ್ತೆಯನ್ನು ತಾವೇ ಕೈಯಾರೆ ಹೊಲಿದು ತರುವುದಾಗಿ ಎಲ್ಲರೆದುರು ಸಾರಿಬಿಟ್ಟರು.

"ನಿಮಗೆ ಹೊಲಿಗೆ ಬರುತ್ತಾ ಮೇಷ್ಟ್ರೇ?" ಎಂದು ಮೆಕ್ಯಾನಿಕ್ ಕೇಳಿದ.

"ಅದೇನು ಮಹಾ ವಿದ್ಯೆ ಕಣಯ್ಯಾ? ಒಂದು ಪಕ್ಕ ಬಿಟ್ಟುಕೊಂಡಿದೆ, ಅಷ್ಟೇ ತಾನೆ?"

ಊರಾಚೆಯ ಹಳೆಯ ವಿಮಾನಗಳ ಸಂಗ್ರಹಾಲಯದಲ್ಲಿ ಸಂಬಳವಿಲ್ಲದೆ ದುಡಿಯುವವರ ಒಂದು ಗುಂಪಿತ್ತು. ಒಂದು ಕಾಲಕ್ಕೆ ಅಂಚೆ ಹೊತ್ತು ಹಾರುತ್ತಿದ್ದ ಪುಟ್ಟ ವಿಮಾನವೊಂದನ್ನು ಅವರು ಅಲ್ಲಿನ ಶೆಡ್ಡಿನಲ್ಲಿ ರಿಪೇರಿ ಮಾಡುತ್ತಿದ್ದರು. ಎಂಜಿನ್ನು ಮೆಕ್ಯಾನಿಕ್ಕಿನ ಪಾಲು. ರೆಕ್ಕೆ ಬಡಗಿಯ ಪಾಲು. ನಿವೃತ್ತರಾದ ಮೇಷ್ಟ್ರ ಪಾಲಿಗೆ ಬಂದದ್ದು ಏಣಿ ಹಿಡಿಯುವುದು, ಟಾರ್ಚು ಹಿಡಿಯುವುದು. ಆದರೂ ಅವರು ಒಂದು ದಿನ ತಪ್ಪಿಸಿದವರಲ್ಲ. "ಇದನ್ನ ಸ್ವಲ್ಪ ಹಿಡ್ಕೊಳ್ಳಿ ಮೇಷ್ಟ್ರೇ" ಎಂದು ಅವರನ್ನು ಕರೆಯುವ ಜಾಗ ಈಗ ಪ್ರಪಂಚದಲ್ಲಿ ಅದೊಂದೇ ಉಳಿದಿತ್ತು. ಆ ಕರೆಯೂ ಒಂದು ದಿನ ನಿಂತುಹೋದೀತು ಎಂಬ ಅಂಜಿಕೆ ಒಳಗೊಳಗೇ ಕೊರೆಯುತ್ತಿತ್ತು. ಅದಕ್ಕೇ ಈ ಬಡಾಯಿ.

ಮೆಕ್ಯಾನಿಕ್ ಮೆತ್ತೆಯನ್ನು ಹಸುಗೂಸಿನಂತೆ ಎರಡು ಕೈಯಲ್ಲಿ ಎತ್ತಿಕೊಟ್ಟ.

"ಹೊಲೀರಿ, ಆದ್ರೆ ಕೊಳೆ ಮಾತ್ರ ಮುಟ್ಟಬೇಡಿ. ಈ ಕೊಳೆಯೇ ವಿಮಾನದ ವಯಸ್ಸು. ಹೋದ್ರೆ ಮತ್ತೆ ಬರಲ್ಲ. ಭಾನುವಾರ ಇದನ್ನ ಹಾರಿಸ್ತಿದ್ದವರ ಹೆಂಡತಿ ಬರ್ತಾರೆ. ಗಂಡ ಕೂರ್ತಿದ್ದ ಸೀಟು ಅವರಿಗೆ ಇದ್ದ ಹಾಗೇ ಕಾಣಬೇಕು. ಗೊತ್ತಲ್ಲ, ಕೆಡಿಸಿದವರಿಗೆ ಇಲ್ಲಿ ಜಾಗ ಇಲ್ಲ."

ಮೇಷ್ಟ್ರು ಗತ್ತಿನಿಂದ ತಲೆಯಾಡಿಸಿದರು. ಮನೆಗೆ ಬಂದವರೇ ಮಾಡಿದ ಮೊದಲ ಕೆಲಸ ಹೆಂಡತಿಯನ್ನು ಕೂಗಿದ್ದು.

"ಇದೊಂದು ಪಕ್ಕ ಸ್ವಲ್ಪ ಹೊಲಿದುಕೊಡೇ."

"ಅಯ್ಯೋ, ಏನು ನಾತ ರೀ ಇದು. ಮೊದಲು ನಡುಮನೆಯಿಂದ ಆಚೆ ಇಡಿ."

ಮೇಷ್ಟ್ರು ಆಚೆ ಇಟ್ಟರು. ಇಟ್ಟದ್ದು ಒಗೆಯುವ ಬಟ್ಟೆಯ ಬುಟ್ಟಿಯ ಮೇಲೆ. ಇಟ್ಟು, ನಿಶ್ಚಿಂತೆಯಿಂದ ಹೋಗಿ ಮಲಗಿದರು.

ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದವರ ಬಾಯಿಂದ ಬ್ರಷ್ಷು ಕೆಳಗೆ ಬಿತ್ತು. ತಂತಿಯ ಮೇಲೆ ಮೆತ್ತೆಯ ಗವಸು ಬಿಳಿಚಿಕೊಂಡು ಗಾಳಿಗೆ ಹಾರಾಡುತ್ತಿತ್ತು. ಪಕ್ಕದಲ್ಲೇ ಅವರ ಬನಿಯನ್ನು.

"ಒಗೆದುಬಿಟ್ಯಾ?"

"ಬುಟ್ಟಿ ಮೇಲಿಟ್ಟಿದ್ದನ್ನ ಒಗೀದೆ ಪೂಜೆ ಮಾಡ್ಲಾ? ಮೂರು ಸಲ ನೀರು ಬದಲಾಯಿಸಿದೆ."

"ಅದು ಇತಿಹಾಸ ಕಣೇ!"

"ಇತಿಹಾಸ ಅಲ್ಲ ರೀ, ಇಲಿ ಉಚ್ಚೆ. ನಂಗೆ ವಾಸನೆ ಗೊತ್ತಾಗಲ್ವಾ?"

ಮೇಷ್ಟ್ರು ಬಾವಿಕಟ್ಟೆಯ ಮೇಲೆ ಕುಸಿದು ಕೂತರು. ಭಾನುವಾರಕ್ಕೆ ಇನ್ನು ಹೆಚ್ಚು ಸಮಯವಿರಲಿಲ್ಲ. ನಿಜ ಹೇಳಿದರೆ ಶೆಡ್ಡಿನ ಬಾಗಿಲು ಮುಚ್ಚಿದ ಹಾಗೆ. ಆಮೇಲೆ ಬೆಳಗಿನಿಂದ ಸಂಜೆಯವರೆಗೆ ಪೇಪರು ಓದುವುದು, ಓದಿದ್ದನ್ನೇ ಮತ್ತೆ ಓದುವುದು. ಹೋದ ಕೊಳೆಯನ್ನು ಮತ್ತೆ ಬರಿಸಿಯೇ ತೀರುತ್ತೇನೆಂದು ಸೊಂಟ ಕಟ್ಟಿ ನಿಂತರು.

ಮೊದಲು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿದರು. ಗವಸು ಕಂದು ಬಣ್ಣಕ್ಕೆ ತಿರುಗಿತೇ ಹೊರತು ಕೊಳೆ ಎನಿಸಲಿಲ್ಲ. ಬೂಟಿನ ಪಾಲಿಶ್ ಉಜ್ಜಿದರೆ ಮಿರಮಿರ ಮಿಂಚತೊಡಗಿತು. ಮಿಂಚು ಹೋಗಲೆಂದು ಒಲೆಯ ಮಸಿ ಹಚ್ಚಿದರು, ಮಸಿ ಕೂರಲೆಂದು ಸ್ಕೂಟರಿನ ಎಣ್ಣೆ ಸವರಿದರು. ಮೂಲದಲ್ಲಿ ನಟ್ಟನಡುವೆ ದೊಡ್ಡದೊಂದು ಎಣ್ಣೆ ಕಲೆಯಿತ್ತು. ದಿನವೂ ಟಾರ್ಚು ಹಿಡಿದು ನೋಡಿ ನೋಡಿ ಅದರ ಅಂಚು, ಕೊಲ್ಲಿ, ಭೂಶಿರ ಎಲ್ಲವೂ ಮೇಷ್ಟ್ರಿಗೆ ಬಾಯಿಪಾಠ. ಆಯುಷ್ಯವಿಡೀ ಕಪ್ಪು ಹಲಗೆಯ ಮೇಲೆ ಖಂಡಗಳನ್ನು ಬರೆದ ಕೈ ಮೆತ್ತೆಯ ಮೇಲೆ ಕಲೆಯನ್ನು ಬರೆಯಿತು.

ಬರೆಯುತ್ತ ಬರೆಯುತ್ತ ಅವರಿಗೆ ಒಂಥರಾ ಆಯಿತು. ಗೊತ್ತೇ ಇಲ್ಲದ ಒಬ್ಬ ಮನುಷ್ಯನ ಬೆವರನ್ನು ತಾವು ಕುಂಚದಿಂದ ಬಳಿಯುತ್ತಿದ್ದೇವಲ್ಲ, ಅವನ ಹೆಂಡತಿ ಬಂದು ಇದನ್ನೇ ಸವರಿ ಕಣ್ಣೀರು ಹಾಕಿದರೆ? ನಾಚಿಕೆಯಾಯಿತು. ಆದರೆ ಕೈ ನಿಲ್ಲಲಿಲ್ಲ, ಭಯ ನಾಚಿಕೆಗಿಂತ ದೊಡ್ಡದಾಗಿತ್ತು.

"ಮದುವೆಯಾದಾಗಿಂದ ನಿಮ್ಮ ಕಾಲರಿನ ಕೊಳೆ ತಿಕ್ಕಿ ತಿಕ್ಕಿ ಕೈ ಸವೀತು" ಎಂದಳು ಹೆಂಡತಿ, ಮೆತ್ತೆಯ ಪಕ್ಕ ಹೊಲಿಯುತ್ತ. "ಅಷ್ಟು ಕಷ್ಟಪಟ್ಟು ಹತ್ತಿಸ್ತಿದ್ರಿ ಅಂತ ಇವತ್ತು ಗೊತ್ತಾಯ್ತು."

ಭಾನುವಾರ ತಾನು ಹೊಲಿದದ್ದನ್ನು ನೋಡಬೇಕೆಂದು ಅವಳೂ ಹೊರಟಳು. ಮೆಕ್ಯಾನಿಕ್ ಮೆತ್ತೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಶಭಾಷ್. ಕಲೆ ಒಂಚೂರೂ ಅಳ್ಳಾಡಿಲ್ಲ" ಎಂದ. ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ವಿಮಾನ ಹಾರಿಸುತ್ತಿದ್ದವರ ಹೆಂಡತಿ ಊರುಗೋಲು ಹಿಡಿದು ಬಂದರು. ತುಂಬ ವಯಸ್ಸಾದವರು, ಬೆನ್ನು ಬಾಗಿರಲಿಲ್ಲ. ಮೇಷ್ಟ್ರೇ ಏಣಿ ಹಿಡಿದರು. ಆಕೆ ನಿಧಾನಕ್ಕೆ ಹತ್ತಿ, ಒಳಗೆ ಬಗ್ಗಿ, ಸೀಟನ್ನು ಅಂಗೈಯಿಂದ ಸವರಿದರು. ಆಕೆ ಕೈಯನ್ನು ಮೂಗಿನ ಹತ್ತಿರ ತಂದುಕೊಂಡರು.

"ಚಹಾ ವಾಸನೆ ಬರ್ತಿದೆಯಲ್ಲಪ್ಪಾ. ಅವರು ಚಹಾನೇ ಕುಡೀತಿರಲಿಲ್ಲ."

ಏಣಿ ಗಡಗಡ ನಡುಗಿತು.

"ಅಮ್ಮಾ, ಅದು ನಾನು ಹಚ್ಚಿದ್ದು" ಎಂದರು ಮೇಷ್ಟ್ರು. ಬುಟ್ಟಿ, ಡಿಕಾಕ್ಷನ್ನು, ಪಾಲಿಶ್ಶು, ಮಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. "ಹೊಲಿಗೆನೂ ನಂದಲ್ಲ, ಇವಳದ್ದು." ಮೆಕ್ಯಾನಿಕ್ಕಿನ ಮುಖ ಕೆಂಪಗಾಯಿತು. ಇನ್ನೇನು ನಾಳೆಯಿಂದ ಬರಬೇಡಿ ಎನ್ನುತ್ತಾನೆ ಎಂದು ಮೇಷ್ಟ್ರು ತಲೆ ತಗ್ಗಿಸಿ ಕಾದರು.

ಮೊದಲು ಮಾತಾಡಿದ್ದು ಏಣಿಯ ಮೇಲಿದ್ದವರು.

"ಕೊಳೆ ಸೀಟಲ್ಲಿ ಅವರು ಕೂತವರೇ ಅಲ್ಲ. ವಾರ ವಾರ ಬಿಚ್ಚಿ ಮನೆಗೆ ತರೋರು, ನಾನು ಒಗೆದು ಕೊಡ್ತಿದ್ದೆ. ಒಗೆದ ಬಟ್ಟೆ ಮೇಲೆ ಕೂತ್ರೆ ಮನೇಲಿ ಕೂತ ಹಾಗಿರುತ್ತೆ ಅನ್ನೋರು." ಆಕೆ ಸೀಟನ್ನು ಇನ್ನೊಮ್ಮೆ ಸವರಿದರು. "ಈ ಕೊಳೆಯೆಲ್ಲ ಗೋಡೌನಿನಲ್ಲಿ ಬಿದ್ದಿದ್ದಾಗ ಹತ್ತಿದ್ದು. ನಂಗೆ ಕೊಡಿ, ಇನ್ನೊಂದು ಸಲ ಒಗೆದು ತರ್ತೀನಿ."

ಕೆಡಿಸಿದವರಿಗೆ ಜಾಗವಿಲ್ಲ ಎಂದಿದ್ದ ಮೆಕ್ಯಾನಿಕ್, ತಾನು ಇಷ್ಟು ದಿನ ಜೋಪಾನ ಮಾಡಿದ್ದ ಕಲೆಯನ್ನೇ ನೋಡುತ್ತ ನಿಂತುಬಿಟ್ಟ.

ಮೇಷ್ಟ್ರ ಹೆಂಡತಿ ಮುಂದೆ ಬಂದು ಮೆತ್ತೆಗೆ ಕೈಯೊಡ್ಡಿದಳು.

"ನಿಮ್ಮನೆಗೇ ಬರ್ತೀನಮ್ಮಾ, ಇಬ್ಬರೂ ಸೇರಿ ಒಗೆಯೋಣ" ಎಂದಳು. ಆಮೇಲೆ ಮೆಕ್ಯಾನಿಕ್ಕಿನ ಕಡೆ ತಿರುಗಿದಳು. "ನಿಮಗೆ ಕೈ ಮುಗೀತೀನಿ, ಅದು ಒಣಗೋವರೆಗೂ ಇವರನ್ನ ಇಲ್ಲೇ ಇಟ್ಕೊಳ್ಳಿ. ಮನೆಗೆ ಕಳಿಸಬೇಡಿ."