ಕೇಳದೆ ಹಾರಿದ ಕಾಲು

ಮಂಚಮ್ಮನೇ ಬಂದು ಮಾತಾಡಿಸುವ ತನಕ ತಾನಾಗಿ ತುಟಿ ಬಿಚ್ಚಿದರೆ ತನ್ನ ಹೆಸರು ಪುಟ್ಟತಾಯಮ್ಮನೇ ಅಲ್ಲ ಎಂದು ಪುಟ್ಟತಾಯಮ್ಮ ಶಪಥ ಮಾಡಿದ್ದು ಸಂಕ್ರಾಂತಿಯಲ್ಲಿ. ಈಗ ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುತ್ತಿತ್ತು. ಶಪಥ ಮಾತ್ರ ಗಟ್ಟಿಯಾಗಿಯೇ ಇತ್ತು.

ಕಾರಣ ಸಣ್ಣದಲ್ಲ. ಬೀಗರೂಟವೊಂದರಲ್ಲಿ ಮಂಚಮ್ಮ ಎಲ್ಲರೆದುರು, ಪುಟ್ಟತಾಯಿ ತಿರುವಿದ ಮುದ್ದೆಯಲ್ಲಿ ಗಂಟಿದೆ ಎಂದುಬಿಟ್ಟಿದ್ದಳು. ಬೇರೆ ಊರಲ್ಲಾದರೆ ಅದೊಂದು ಮಾತು. ಪಾಲಹಳ್ಳಿಯಲ್ಲಿ ಅದು ಮಾನಹಾನಿ!

ಇಬ್ಬರದೂ ಗೋಡೆಗೆ ಗೋಡೆ ಅಂಟಿದ ಮನೆ. ಇಬ್ಬರಿಗೂ ಗಂಡಂದಿರಿಲ್ಲ. ಸಂಜೆ ತಂತಮ್ಮ ಜಗಲಿಯಲ್ಲಿ ಕೂತು ಒಬ್ಬಳು ಕೆ.ಆರ್.ಎಸ್.ಗೆ ಹೋಗುವ ಬಸ್ಸು ನೋಡಿದರೆ ಇನ್ನೊಬ್ಬಳು ಅಲ್ಲಿಂದ ಬರುವ ಬಸ್ಸು ನೋಡುವಳು. ಒಂದೇ ಮುದ್ದೆಗೆ ಎಸರಿಟ್ಟರೆ ಹಿಟ್ಟು ಹದಕ್ಕೆ ಬರುವುದಿಲ್ಲವೆಂದು ಪುಟ್ಟತಾಯಮ್ಮ ಎರಡು ಕಟ್ಟುತ್ತಿದ್ದಳು. ಉಳಿದದ್ದು ಬೆಳಿಗ್ಗೆ ಹಸುವಿಗೆ. ಹಸು ಗಂಟಿನ ವಿಚಾರ ಎತ್ತುತ್ತಿರಲಿಲ್ಲ. ಬೇರೆ ಯಾವ ವಿಚಾರವನ್ನೂ ಎತ್ತುತ್ತಿರಲಿಲ್ಲ.

ಪಾದ ಜೋಮು ಹಿಡಿಯುತ್ತಿದೆಯೆಂದು ಅವಳು ಸಮುದಾಯ ಭವನದ ಆರೋಗ್ಯ ಶಿಬಿರಕ್ಕೆ ಹೋದಳು. ಅರ್ಪಿತ ಎಂಬ ಎಳೆಯ ಡಾಕ್ಟರು ಮೇಜಿನ ಮೇಲೆ ಕೂರಿಸಿ ಕಾಲು ಇಳಿಬಿಡಲು ಹೇಳಿದರು. ಎದುರಿಗೆ, ಒಂದು ಮೊಳ ದೂರದಲ್ಲಿ ಹಾಕಿದ್ದ ಮುಂದಿನ ಸರದಿಯ ಕುರ್ಚಿಯಲ್ಲಿ, ಶಿಬಿರದವರು ಕೊಟ್ಟ ಮಜ್ಜಿಗೆ ಹಿಡಿದು ಕೂತಿದ್ದವಳು ಬೇರೆ ಯಾರೂ ಅಲ್ಲ, ಮಂಚಮ್ಮ. ಪುಟ್ಟತಾಯಮ್ಮ ಗೋಡೆಯತ್ತ ಮುಖ ತಿರುಗಿಸಿದಳು.

ಮಂಡಿಯ ಕೆಳಗೆ ರಬ್ಬರಿನ ಸುತ್ತಿಗೆಯಿಂದ ತಟ್ಟುತ್ತೇನೆ, ಕಾಲು ತಾನಾಗಿ ಏಳಬೇಕು ಎಂದರು ಡಾಕ್ಟರು.

"ತಾನಾಗಾ? ನಾನ್ ಯೋಳ್ದೆ ನನ್ ಕಾಲು ಅಲ್ಲಾಡಾಕಿಲ್ಲ ಕಣವ್ವ," ಎಂದಳು, ಎದುರಿನ ಕುರ್ಚಿಗೂ ಕೇಳಿಸುವಂತೆ.

ಡಾಕ್ಟರು ತಟ್ಟಿದರು. ಪುಟ್ಟತಾಯಮ್ಮ ಹಲ್ಲು ಕಚ್ಚಿ ಕಾಲು ಬಿಗಿಹಿಡಿದಳು. ಕದಲಲಿಲ್ಲ. ಡಾಕ್ಟರು ನಕ್ಕು, ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ಜೋರಾಗಿ ಎಳೆಯಲು ಹೇಳಿದರು. ಅಷ್ಟೇ ತಾನೆ! ಎಳೆದಳು. ಗಮನವೆಲ್ಲ ಬೆರಳಿಗೆ ಹೋದ ಗಳಿಗೆಗೆ ಸುತ್ತಿಗೆ ಬಿತ್ತು.

ಕಾಲು ಯಾರನ್ನೂ ಕೇಳದೆ ಹಾರಿತು. ನೇರ ಹೋಗಿ ಮಂಚಮ್ಮನ ಮೊಣಕಾಲಿಗೆ ಬಡಿಯಿತು. ಲೋಟ ಮಗುಚಿ ಮಜ್ಜಿಗೆಯೆಲ್ಲ ಅವಳ ಮಡಿಲಿಗೆ.

ಇನ್ನೊಬ್ಬರಿಗೆ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಪುಟ್ಟತಾಯಮ್ಮ ಬಗ್ಗಿ ಮಂಚಮ್ಮನ ಒದ್ದೆ ಮಂಡಿ ಮುಟ್ಟಿ, ಎರಡು ಕಣ್ಣಿಗೂ ಒತ್ತಿಕೊಂಡಳು. ಹಸಿಮೆಣಸಿನಕಾಯಿ ಅರೆದು ಹಾಕಿದ ಮಜ್ಜಿಗೆ! ಕಣ್ಣು ರಪ್ಪನೆ ಮುಚ್ಚಿಕೊಂಡವು. ಬಿಡಿ ಎಂದರೆ ಬಿಡಲಿಲ್ಲ. ನೀರು ದಳದಳ ಸುರಿಯಿತು.

ಯಾರದೋ ಸೆರಗು ಕಣ್ಣೊರೆಸಿತು. ಯಾರೋ ಉಫ್ ಉಫ್ ಎಂದು ಊದಿದರು.

"ಉಜ್ಬ್ಯಾಡ ಕಣಮ್ಮಿ. ಮೆಲ್ಗೆ ಕಣ್ ಬುಡು."

ಮಂಚಮ್ಮನೇ ಮೊದಲು ಮಾತಾಡಿದ್ದಳು! ಶಪಥ ಗೆದ್ದಿತ್ತು. ಗೆದ್ದವಳಿಗೆ ಏನೂ ಕಾಣುತ್ತಿರಲಿಲ್ಲ, ಅಷ್ಟೇ. ಕುರುಡಾಗಿಯೇ ಡಾಕ್ಟರ ಕಡೆ ತಿರುಗಿ, ಒದ್ದದ್ದು ತಾನಲ್ಲ, ಕಣ್ಣು ಮುಚ್ಚಿದ್ದೂ ತಾನಲ್ಲ ಎಂದು ವಾದಿಸಿದಳು.

ಡಾಕ್ಟರು ಹೌದೆಂದರು. ಬಿಸಿ ಪಾತ್ರೆ ಮುಟ್ಟಿದ ಕೈ ಯೋಚನೆಗೆ ಮೊದಲೇ ಹಿಂದೆ ಬರುವುದಿಲ್ಲವೇ, ಹಾಗೆ. ಮಂಡಿಯ ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲೇ ಅಪ್ಪಣೆ ಪಡೆದು ಕಾಲಿಗೆ ವಾಪಸ್ಸು ಬರುತ್ತದೆ. ತಲೆಗೆ ತಿಳಿಯುವುದು ಆಮೇಲೆ. ಕಣ್ಣೂ ಹಾಗೆಯೇ, ನಿಮ್ಮನ್ನು ಕೇಳುವುದಿಲ್ಲ.

ಸೆರಗು ಹಿಂಡುತ್ತಿದ್ದ ಮಂಚಮ್ಮ ಕೈ ನಿಲ್ಲಿಸಿದಳು.

"ನನ್ನ ಮುಟ್ಟುದ್ಲಲ್ಲ, ಆ ಕೈ? ಅದೂ ಅಂಗೇಯಾ ಡಾಕ್ಟ್ರವ್ವ?"

"ಇಲ್ಲ ಅಜ್ಜಿ. ಆ ಕೈಗೆ ಹೇಳಿದ್ದು ಅವರೇ."

ಪುಟ್ಟತಾಯಮ್ಮನ ಕಣ್ಣಲ್ಲಿ ಮತ್ತೆ ನೀರು ಬಂತು. ಅದನ್ನೂ ಮೆಣಸಿನಕಾಯಿಯ ತಲೆಗೇ ಕಟ್ಟಿದಳು.

ಮುಂದಿನ ಸರದಿ ಎಂದು ಕರೆದರು. ಮಂಚಮ್ಮ ಒದ್ದೆ ಸೀರೆಯಲ್ಲೇ ಮೇಜು ಹತ್ತಿ ಕಾಲು ಇಳಿಬಿಟ್ಟಳು.

"ಬಾರಮ್ಮಿ, ಎದುರ್ಗೆ ಕೂತ್ಕೊ."

ಪುಟ್ಟತಾಯಮ್ಮ ಕುರ್ಚಿ ಎಳೆದುಕೊಂಡು, ಕಾಲು ತಾಗುವಷ್ಟು ಹತ್ತಿರಕ್ಕೆ ಬಂದು ಕೂತಳು.