ಬಂಧು ಕಾರ್ಡಿಗೆ ಕೊಟ್ಟ ಐದು ನಂಬರು

ಕಾರು ಮಾರುವ ಅಂಗಡಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲ. ನಿಮ್ಮ ಹುಟ್ಟಿದ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶುಭಾಶಯ ಕಳಿಸುವುದು ಅಲ್ಲಿನ ಯಂತ್ರ. ಇದು ನಿಮಗೆ ಗೊತ್ತಿರಬೇಕಿತ್ತು. ನನಗಂತೂ ಚೆನ್ನಾಗಿ ಗೊತ್ತಿತ್ತು. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಗ್ರಾಹಕರ ಪರವಾಗಿ ಗುಡುಗುವವನು ನಾನು. ಅದಕ್ಕೇ ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಶುರುವಾದದ್ದು ಒಂದು ಮಹಾಸಂಕಲ್ಪದಿಂದ. ನಮ್ಮ ಹಳೆಯ ಕಾರನ್ನು ಸರ್ವಿಸಿಗೆ ಬಿಡಲು ಹೋದಾಗ, ಟೈ ಕಟ್ಟಿದವನೊಬ್ಬ ನನ್ನನ್ನು ಕೂರಿಸಿ ‘ಚಿನ್ನದ ಬಂಧು’ ಎಂಬ ಕಾರ್ಡಿನ ಮಹಿಮೆ ವರ್ಣಿಸಿದ. ಹತ್ತು ವರ್ಷ ನಂಬಿಕೆಯಿಟ್ಟು ಬಂದ ಗಿರಾಕಿಗಳಿಗೆ ಮಾತ್ರವಂತೆ! ಕಾರು ಬದುಕಿರುವಷ್ಟು ಕಾಲ ಪುಕ್ಕಟೆ ನೊರೆಸ್ನಾನ, ಒಂದು ಛತ್ರಿ, ಹುಟ್ಟುಹಬ್ಬಕ್ಕೆ ಕೇಕು, ಕಾಯುವ ಕೋಣೆಯಲ್ಲಿ ಬೇಕಾದಷ್ಟು ಕಾಫಿ. ನಾನು ಮನೆಗೆ ಬಂದು ಮೀಸೆ ತಿರುವಿದೆ. ಇವರ ಪುಕ್ಕಟೆಗಳನ್ನು ಒಂದೂ ಬಿಡದೆ ಅನುಭವಿಸುತ್ತೇನೆ, ಕಿಸೆಯಿಂದ ಬಿಡಿಗಾಸು ಬಿಚ್ಚುವುದಿಲ್ಲ, ಆಮೇಲೆ ಇದು ಲಾಭವೋ ಬೊಗಳೆಯೋ ಎಂದು ಲೋಕಕ್ಕೆ ಸಾರುತ್ತೇನೆ ಎಂದೆ.

ನನ್ನ ಹೆಂಡತಿ ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ಕೈಗೆ ಏನು ಕೊಟ್ಟರೂ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದುವುದು ಅವಳ ಅಭ್ಯಾಸ. ಕಾರ್ಡನ್ನೂ ತಿರುಗಿಸಿದಳು.

“ಇದಕ್ಕೆ ನೀವೇನು ಕೊಟ್ರಿ?”

“ಒಂದು ರುಜು.”

“ಬರೀ ರುಜುನಾ?”

“ಬರೀ ರುಜು.”

ಬರೀ ರುಜುವಲ್ಲ. ಅರ್ಜಿಯ ಹಿಂಬದಿಯಲ್ಲಿ ಐದು ಚೌಕಗಳಿದ್ದವು. ನಿಮ್ಮ ಐವರು ಆತ್ಮೀಯರ ಹೆಸರು, ಸಂಬಂಧ, ಫೋನ್ ನಂಬರು. ಐದೂ ತುಂಬದಿದ್ದರೆ ನೊರೆಯಿಲ್ಲ, ಛತ್ರಿಯಿಲ್ಲ. ಪರರ ನಂಬರು ಮಾರುವ ದಂಧೆಯ ವಿರುದ್ಧ ನಾನೇ ಮೂರು ಅಂಕಣ ಬರೆದು ಮೂರರಲ್ಲೂ ಹಲ್ಲು ಕಡಿದಿದ್ದೆ. ಆದರೆ ಮಾರುವುದು ಬೇರೆ, ಚೌಕ ತುಂಬುವುದು ಬೇರೆ ಎಂದು ಆ ಹೊತ್ತಿಗೆ ನನ್ನ ಆತ್ಮಸಾಕ್ಷಿ ತೀರ್ಪು ಕೊಟ್ಟಿತು. ಅದರ ಕೈಯಲ್ಲೂ ಆಗ ಪುಕ್ಕಟೆ ಕಾಫಿಯ ಲೋಟ ಇತ್ತಲ್ಲ! ಫೋನಿನ ಪಟ್ಟಿ ತೆರೆದು ಮೊದಲು ಕಂಡ ಐವರನ್ನು ಬರೆದುಕೊಟ್ಟೆ. ಅಕ್ಕ, ಅಣ್ಣ, ಅತ್ತೆ, ಆಫೀಸಿನ ಗುಮಾಸ್ತ, ಇಲಿ ಹಿಡಿಯುವವನು.

ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುವ ಆ ಇಲಿ ಹಿಡಿಯುವವನ ಮನೆಮುಂದೆ ಮರುದಿನವೇ ಏಳು ಸೀಟಿನ ಹೊಸ ಕಾರು ಬಂದು ನಿಂತಿತಂತೆ, ಓಡಿಸಿ ನೋಡಿ ಸರ್ ಎಂದು. ನನಗೆ ನಗು ಬಂತು. ಆ ನಗು ಎರಡು ದಿನ ಬಾಳಿತು.

ಮೂರನೆಯ ದಿನ ಅತ್ತೆಯ ಫೋನು ಬಡಿದುಕೊಂಡಿತು.

ಅತ್ತೆ ಎಂದರೆ ಹೆಂಡತಿಯ ತಾಯಿ. ನಮ್ಮ ಜೊತೆಯೇ ಇದ್ದಾರೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ದೂರದ ಊರುಗಳಿಗೆ ಲೈನು ಕೊಟ್ಟವರು. ಬಂದ ಕರೆಯನ್ನು ಕತ್ತರಿಸುವುದೆಂದರೆ ಅವರಿಗೆ ಬಂದ ನೆಂಟನ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಈಗ ಅವರ ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿಗೆ ಬೆಳಕು ಮಾತ್ರ ಗೊತ್ತಾಗುತ್ತದೆ. ಎಡಗಣ್ಣು ಅದರ ಹಿಂದೆಯೇ ಹೊರಟಿದೆ. ಕಣ್ಣಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಹೆಸರು ಬರೆಸಿ ಎಂಟು ತಿಂಗಳಾಗಿತ್ತು, ಸರದಿ ಹತ್ತಿರ ಬಂದಿತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಯಾವತ್ತಾದರೂ ಕರೆ ಬರುತ್ತದೆ, ಯಾವ ನಂಬರಿನಿಂದ ಎಂದು ಹೇಳಲಾಗುವುದಿಲ್ಲ, ಅವತ್ತೇ ಒಪ್ಪಿಗೆ ಹೇಳದಿದ್ದರೆ ಸರದಿ ಮುಂದಿನವರಿಗೆ ಎಂದು ಚೀಟಿಯಲ್ಲಿ ಬರೆದಿತ್ತು. ಮಗಳ ನಂಬರು ಕೊಡೋಣ ಎಂದರೆ ಅತ್ತೆ ಒಪ್ಪಿರಲಿಲ್ಲ. ತಮ್ಮ ಕರೆ ತಾವೇ ತೆಗೆದುಕೊಳ್ಳುವುದಾಗಿ ಹೇಳಿ, ಸೆರಗಿನ ತುದಿಯಲ್ಲಿ ಫೋನು ಸುತ್ತಿಕೊಂಡು ಓಡಾಡುತ್ತಿದ್ದರು.

ಅಂಥ ಫೋನಿಗೆ ಈಗ ಕಾರು ಮಾರುವವರು! ದಿನಕ್ಕೆ ಐದು ಸಲ, ಏಳು ಸಲ. ಪ್ರತಿ ಸಲವೂ ಅತ್ತೆ ಗೋಡೆ ತಡವಿಕೊಂಡು ಕಿಟಕಿಯ ಬಳಿ ಹೋಗಿ, ಬೆನ್ನು ನೆಟ್ಟಗೆ ಮಾಡಿ, “ನಮಸ್ಕಾರ, ಯಾರು ಬೇಕಾಗಿತ್ತು?” ಎನ್ನುತ್ತಿದ್ದರು. ಪ್ರತಿ ಸಲವೂ ಅಡುಗೆಮನೆಯಲ್ಲಿ ಹೆಂಡತಿ ಕೈಯಲ್ಲಿದ್ದದ್ದನ್ನು ಬಿಟ್ಟು ಉಸಿರು ಹಿಡಿಯುತ್ತಿದ್ದಳು. ಪ್ರತಿ ಸಲವೂ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ.

“ಅಮ್ಮನ ನಂಬರು ಇವರಿಗೆ ಯಾರು ಕೊಟ್ಟಿರಬಹುದು ರೀ?” ಎಂದಳು ಒಂದು ದಿನ.

ಕಾಲ ಕೆಟ್ಟಿದೆ, ಎಲ್ಲ ಕಡೆ ಕದಿಯುತ್ತಾರೆ, ಇದರ ಬಗ್ಗೆ ಬರೆಯಲೇಬೇಕು ಎಂದು ಹಾರಾಡಿದೆ. ಹಾರಾಟದ ಮಧ್ಯೆ ಅತ್ತೆಯ ಮುಖ ನೋಡಿದೆ. ಅವರು ನನ್ನ ಕಡೆಗೇ ತಿರುಗಿದ್ದರು. ಕಾಣುವುದಿಲ್ಲ, ಸರಿ, ಆದರೂ ಪತ್ರಿಕೆಯನ್ನು ಮತ್ತೆ ಮುಖಕ್ಕೆ ಅಡ್ಡ ಹಿಡಿದೆ.

ಅಲ್ಲಿಂದ ಫೋನು ಬಡಿದಾಗಲೆಲ್ಲ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಡುತ್ತಿದ್ದೆ. ಕರೆ ಮಾಡಿದವಳು ಯಾವಾಗ ‘ನಿಮ್ಮ ಅಳಿಯಂದಿರೇ ಕೊಟ್ಟದ್ದು’ ಎಂದುಬಿಡುತ್ತಾಳೋ! ಇದಕ್ಕೊಂದು ಪರಿಹಾರ ಬೇಕಿತ್ತು, ಅದು ಉಪಕಾರದ ಹಾಗೆ ಕಾಣಬೇಕಿತ್ತು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅವರ ಫೋನು ತೆಗೆದು, ಗೊತ್ತಿಲ್ಲದ ನಂಬರುಗಳೆಲ್ಲ ತಾವಾಗಿಯೇ ಹೊರಗೆ ನಿಲ್ಲುವಂತೆ ಗುಂಡಿ ಒತ್ತಿಟ್ಟೆ.

ಎಂಥ ಶಾಂತಿ! ಎರಡು ದಿನ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಅತ್ತೆ ಮಾತ್ರ ಆಗಾಗ ಸೆರಗಿನ ಗಂಟು ಬಿಚ್ಚಿ ಫೋನು ಕಿವಿಗಿಟ್ಟು ನೋಡುತ್ತಿದ್ದರು, ಉಸಿರಾಡುತ್ತಿದೆಯೋ ಇಲ್ಲವೋ ಎಂಬಂತೆ. ಮೂರನೆಯ ದಿನ ನಾನು ನಿರುಮ್ಮಳವಾಗಿ ನೊರೆಸ್ನಾನಕ್ಕೆ ಹೊರಟೆ.

ಪುಕ್ಕಟೆ ನೊರೆಗೆ ಆರು ಕಾರುಗಳ ಸಾಲು. ಕಾಸು ಕೊಟ್ಟವರು ಪಕ್ಕದ ಬಾಗಿಲಿನಿಂದ ಒಳಹೋಗಿ ಫಳಫಳನೆ ಹೊರಬರುತ್ತಿದ್ದರು. ನಾವು ಚಿನ್ನದ ಬಂಧುಗಳು ಕಾಯುವ ಕೋಣೆಯಲ್ಲಿ ತಂತಮ್ಮ ಛತ್ರಿ ಹಿಡಿದು ಕೂತಿದ್ದೆವು. ಎರಡೂವರೆ ಗಂಟೆ ಕಾದ ಮೇಲೆ ನನ್ನ ಕಾರು ನೊರೆಯೊಳಗೆ ಮುಳುಗಿತು. ಆಗ ನನಗೊಂದು ಕರೆ ಬಂತು. ಹೆಂಗಸಿನ ದನಿ, ಷೋರೂಮಿನ ಹೆಸರು ಹೇಳಿತು. ರೇಗಿ ಕತ್ತರಿಸುವವನಿದ್ದೆ.

“ಕಾರಿನ ವಿಷಯ ಅಲ್ಲ ಸರ್. ಅಮ್ಮ ಹುಷಾರಾಗಿದ್ದಾರಾ?”

ಯಾವ ಅಮ್ಮ ಎಂದೆ.

“ನಿಮ್ಮ ಅತ್ತೆಯವರು. ಕಣ್ಣಾಸ್ಪತ್ರೆ ಸರದಿ ಬರೋದಿದೆ ಅಂತ ಕೆಲವು ದಿನ ಆದ್ಮೇಲೆ ಹೇಳಿದ್ರು. ಆಮೇಲೆ ನಾವ್ಯಾರೂ ಹತ್ತರಿಂದ ನಾಲ್ಕರವರೆಗೆ ಅವರಿಗೆ ಮಾಡ್ತಿರಲಿಲ್ಲ, ನಾನೇ ಎಲ್ಲರಿಗೂ ಹೇಳಿಟ್ಟಿದ್ದೆ. ಸಂಜೆ ಮಾತ್ರ ಮಾತಾಡ್ತಿದ್ದೆ. ಎರಡು ದಿನದಿಂದ ಲೈನೇ ಹೋಗ್ತಿಲ್ಲ ಸರ್. ನಂದು ಹೋಗ್ತಿಲ್ಲ ಅಂದ್ರೆ ಆಸ್ಪತ್ರೆಯವರದ್ದೂ ಹೋಗ್ತಿರಲ್ಲ ಅಲ್ವಾ?”

ಕಾಲ ಕೆಳಗಿನ ನೆಲ ಜಾರಿತು. ಅದರಲ್ಲಿ ನೊರೆಯ ಪಾಲೂ ಇತ್ತು. ನಾನಾಗಲೇ ಕಾರಿನ ಕಡೆಗೆ ಓಡಿದ್ದೆ. ಕಾರು ಕೊಡಿ ಎಂದೆ. ಒಳಗೆ ಹೋದದ್ದು ಒಣಗಿಯೇ ಹೊರಬರಬೇಕು, ಮಧ್ಯದಲ್ಲಿ ನಿಲ್ಲಿಸಲು ಬರುವುದಿಲ್ಲ ಎಂದರು. ಇನ್ನೂ ನಲವತ್ತು ನಿಮಿಷ. ಗಂಟೆ ಮೂರೂಕಾಲು. ರಸ್ತೆಗೆ ಹಾರಿ ಟ್ಯಾಕ್ಸಿ ಹಿಡಿದೆ. ಪ್ರತಿ ಕೆಂಪು ದೀಪದಲ್ಲೂ ಛತ್ರಿಯ ಹಿಡಿಯನ್ನು ಹಿಂಡಿದೆ, ನಾಲ್ಕನೆಯ ದೀಪದಲ್ಲಿ ಅದು ಕಿತ್ತು ಕೈಗೆ ಬಂತು.

ಮನೆಗೆ ಬಂದು ಅತ್ತೆಯ ಸೆರಗಿನಿಂದ ಫೋನು ಕಸಿದೆನೆಂದೇ ಹೇಳಬೇಕು. ಹೊರಗೆ ನಿಲ್ಲಿಸಿದ ನಂಬರುಗಳ ಪಟ್ಟಿ ತೆರೆದೆ. ನಿನ್ನೆ ಹನ್ನೊಂದಕ್ಕೆ ಒಂದು ನಂಬರು. ಅದೇ ನಂಬರು ಒಂದು ಗಂಟೆಗೆ. ಅದೇ ನಂಬರು ಮೂರು ಮುಕ್ಕಾಲಿಗೆ.

ಹೆಂಡತಿ ಆ ನಂಬರಿಗೆ ಫೋನು ಮಾಡಿದಳು. ಆಸ್ಪತ್ರೆಯ ಗುಮಾಸ್ತೆ ಮೆತ್ತಗೆ ಮಾತಾಡಿದಳು, ಅದೇ ಕಷ್ಟವಾಯಿತು. ಮೂರು ಸಲ ಪ್ರಯತ್ನಿಸಿದೆವು, ಜಾಗ ಬೇರೆಯವರಿಗೆ ಹೋಯಿತು, ಇನ್ನು ಐದು ವಾರದ ಮೇಲೆ ಮತ್ತೆ ಕರೆಯುತ್ತೇವೆ ಎಂದಳು.

ಹೆಂಡತಿ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು, ಅವಧಿ ಮುಗಿದ ಔಷಧದ ಸೀಸೆ ನೋಡುವ ಹಾಗೆ.

“ಈ ಗುಂಡಿ ಯಾರು ಒತ್ತಿದ್ದು?”

ಇವು ಕೆಲವು ಸಲ ತಾವಾಗಿಯೇ ಒತ್ತಿಕೊಳ್ಳುತ್ತವೆ, ಕಂಪನಿಯವರು ಹೊಸದೇನೋ ಹಾಕಿರಬೇಕು ಎಂದು ತೊದಲಿದೆ.

“ಬಿಡಮ್ಮ, ಅವರನ್ನ ಕೇಳಬೇಡ,” ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. “ನಂಬರು ಕೊಟ್ಟಿದ್ದು ಯಾರು ಅಂತ ಆ ಹುಡುಗಿ ಮೊದಲ ದಿನವೇ ಹೇಳಿದ್ಲು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ನಾನು ಲೈನು ಹಿಡ್ಕೊಂಡೇ ಇದ್ದೆ. ಇವರು ಮಾತೇ ಆಡ್ಲಿಲ್ಲ.”

ಮೂರು ಅಂಕಣ ಬರೆದ ನಾನು ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡು, ಒತ್ತಿಟ್ಟ ಗುಂಡಿಯನ್ನು ಮೊದಲಿನ ಹಾಗೆ ಮಾಡಿದೆ.

ಶಿಕ್ಷೆಯನ್ನು ಅತ್ತೆಯೇ ವಿಧಿಸಿದ್ದಾರೆ. ಐದು ವಾರ ಮುಗಿಯುವವರೆಗೆ, ಹತ್ತರಿಂದ ನಾಲ್ಕರವರೆಗೆ, ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ನಾನೇ ಆಪರೇಟರು. ಬೆನ್ನು ನೆಟ್ಟಗಿರಬೇಕು. ನಮಸ್ಕಾರ, ಯಾರು ಬೇಕಾಗಿತ್ತು ಎನ್ನಬೇಕು. ಯಾರದೇ ಕರೆಯಾದರೂ ರೇಗುವಂತಿಲ್ಲ. ಎರಡು ವಾರ ಕಳೆದಿದೆ. ಪಕ್ಕದಲ್ಲಿ ಅತ್ತೆ ಗೋಡೆಯಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ ಅಭ್ಯಾಸ ಮಾಡುತ್ತಿದ್ದಾರೆ. ಮೊನ್ನೆಯವರೆಗೆ ಎಣಿಸುತ್ತಿರಲಿಲ್ಲ. ಅವರು ಎಣಿಸುವುದು ಕೇಳಿದಾಗಲೆಲ್ಲ ನಾನು ಫೋನಿನಲ್ಲಿ ಜೀವ ಇದೆಯೇ ಎಂದು ನೋಡುತ್ತೇನೆ.

ಕಾರು ಮಾತ್ರ ಫಳಫಳ ಹೊಳೆಯುತ್ತಿದೆ. ಲಾಭವೋ ಬೊಗಳೆಯೋ ಎಂದು ಕೇಳಿದವರಿಗೆ ಉತ್ತರ ಇಷ್ಟೇ: ನಾನು ಒಂದು ಕಾಸೂ ಕೊಡಲಿಲ್ಲ. ಕೊಟ್ಟವರು ಅತ್ತೆ.

ಇಲ್ಲಿ ಕೂತು ಒಂದು ವಿಷಯ ಕಲಿತಿದ್ದೇನೆ. ಮನೆ ಮಾರುವವರು, ಮಂಚ ಮಾರುವವರು, ವಿಮೆಯವರು ಫೋನು ಮಾಡಿದಾಗ ನಯವಾಗಿ ಕೇಳುತ್ತೇನೆ, ಈ ನಂಬರು ಎಲ್ಲಿ ಸಿಕ್ಕಿತು ಎಂದು. ಅವರೂ ನಯವಾಗಿ ಹೇಳುತ್ತಾರೆ: ನಿಮ್ಮವರೇ ಕೊಟ್ಟದ್ದು ಸರ್. ಒಬ್ಬರು ಪುಕ್ಕಟೆ ಕುಕ್ಕರಿಗೆ ಕೊಟ್ಟಿದ್ದರು, ಇನ್ನೊಬ್ಬರು ಕೈಚೀಲಕ್ಕೆ. ಕೊಟ್ಟವರಲ್ಲಿ ಇಬ್ಬರು ನನ್ನ ಅಂಕಣ ತಪ್ಪದೆ ಓದುವವರು.

ಹಾಗಾಗಿ ಪತ್ರಿಕೆ ಕೆಳಗಿಡಿ. ನೀವು ಚೌಕದಲ್ಲಿ ಬರೆದುಕೊಟ್ಟ ಐವರಿಗೂ ಈಗಲೇ ಫೋನು ಮಾಡಿ, ಕೊಟ್ಟವನು ನಾನೇ ಎಂದು ನಿಮ್ಮ ಬಾಯಿಂದಲೇ ಹೇಳಿ. ಆ ಐವರಲ್ಲಿ ನಮ್ಮತ್ತೆಯೂ ಇದ್ದರೆ ನಾಲ್ಕು ಗಂಟೆಯವರೆಗೆ ತಡೆಯಿರಿ. ಲೈನು ಖಾಲಿ ಬಿಡಿ.