ಬಚ್ಚಲಲ್ಲಿ ಬೆಂದ ಕಡುಬು

ನಮ್ಮ ಭಾವನ ಕೈಯಲ್ಲಿ ಬೇಯದೆ ಉಳಿದವಳು ಬಹುಶಃ ನಾನೊಬ್ಬಳೇ! ಉಳಿದಂತೆ ಆ ಮನೆಗೆ ಬಂದ ಗೆಣಸು, ಕುಂಬಳ, ರವೆ, ಅವಲಕ್ಕಿ, ಹಿಂದಿನ ದಿನ ಮಿಕ್ಕ ಅನ್ನ ಎಲ್ಲವೂ ಒಂದಲ್ಲ ಒಂದು ದಿನ ಅವರ ಒಲೆಯೊಳಗೆ ಹೋಗಿ ಬಂದಿವೆ. ಒಮ್ಮೆ ನಾನು ತಲೆಗೆಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದ ಸೀಗೇಪುಡಿಯೂ ಹೋಯಿತು. ಅದು ಉಬ್ಬಲಿಲ್ಲವೆಂದು ಅವರು ಗಿರಣಿಯವನ ಮೇಲೆ ಸಿಟ್ಟಾದರು.

ಅಷ್ಟಕ್ಕೂ ಆ ಒಲೆ ಇದ್ದದ್ದೆಲ್ಲಿ ಗೊತ್ತೆ? ಬಚ್ಚಲುಮನೆಯಲ್ಲಿ!

ಭಾವ ಎಂದರೆ ನನ್ನ ಅಕ್ಕನ ಗಂಡ, ಶಿಕಾರಿಪುರದ ಅಮಲ್ದಾರ ಕಚೇರಿಯಲ್ಲಿ ಗುಮಾಸ್ತರು. ಐವತ್ತರ ದಶಕದ ಕೊನೆಯಲ್ಲಿ ಅದೇ ಊರಿನ ಶಾಲೆಯಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಸೊರಬದ ಕಡೆಯ ಜಡೆ ಎಂಬ ನಮ್ಮೂರಿಂದ ಟ್ರಂಕಿನ ಸಮೇತ ಬಂದು ಅಕ್ಕನ ಮನೆಯಲ್ಲೇ ಇಳಿದೆ. ಅಕ್ಕ, ಭಾವ, ಅವರ ಮಕ್ಕಳು, ಭಾವನ ತಾಯಿ, ಇಷ್ಟು ಜನರ ಸಂಸಾರ. ಭಾವನ ತಾಯಿ ಅಕ್ಕನಿಗೆ ಅತ್ತೆ. ಹಾಗಾಗಿ ನನಗೂ ಅತ್ತೆಯೇ. ಊಟಕ್ಕೆ ಒಂದು ಸರದಿ ಇತ್ತು. ಮೊದಲು ಭಾವ ಮತ್ತು ಮಕ್ಕಳು, ಆಮೇಲೆ ಅತ್ತೆ ಮತ್ತು ನಾನು, ಎಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಅಕ್ಕ. ಆಗ ಎಲ್ಲರ ಮನೆಯಲ್ಲೂ ಹಾಗೆಯೇ ಇದ್ದುದರಿಂದ ಅದನ್ನು ಯಾರೂ ಗಮನಿಸುತ್ತಿರಲಿಲ್ಲ.

ಭಾವನಿಗೆ ಈ ಹುಚ್ಚು ಹಿಡಿದದ್ದು ಸೊರಬದಲ್ಲಿ. ಕಚೇರಿಯ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ ಪ್ರವಾಸಿ ಬಂಗಲೆಯಲ್ಲಿ ದೊಡ್ಡ ಸಾಹೇಬರೊಬ್ಬರ ಕ್ಯಾಂಪು ಇತ್ತಂತೆ. ಬಂಗಲೆಯ ಬಟ್ಲರ್ ಆಲೂಗಡ್ಡೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಹಾಲು ಬೆಣ್ಣೆ ಸುರಿದು, ತಗಡಿನ ಪೆಟ್ಟಿಗೆಯೊಳಗಿಟ್ಟು, ಮೇಲೂ ಕೆಳಗೂ ಕೆಂಡ ಹರಡಿ, ಜಗಲಿಗೆ ಬಂದು ಬೀಡಿ ಹಚ್ಚಿ ಕೂತನಂತೆ. ಭಾವ ಊರಿಗೆ ಬಂದವರು ಕೈಕಾಲು ತೊಳೆಯದೆ ನನಗೆ ವರದಿ ಒಪ್ಪಿಸಿದರು.

"ಅಡಿಗಿ ಮಾಡೋನು ಆರಾಮ ಕುಂತಿದ್ದ ನೋಡವ್ವ, ಅಡಿಗಿ ತಾನೇ ಆಗ್ತಿತ್ತು. ಸಾಹೇಬ್ರ ಹೆಂಡ್ತೀನೂ ಸಾಹೇಬ್ರ ಜೋಡಿ ಕುಂತು ಬಿಸಿಬಿಸಿ ಉಂಡ್ರು."

ಆಲೂಗಡ್ಡೆ ಹೇಗಿತ್ತು ಎಂದು ಕೇಳಿದೆ. ಅದು ನನಗೆಲ್ಲಿ ಸಿಗಬೇಕು ಎಂದರು! ರುಚಿಯನ್ನೇ ನೋಡದ ತಿಂಡಿಗೆ ಇಷ್ಟು ಮರುಳಾದ ಮನುಷ್ಯನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಮರುದಿನವೇ ಹಳೆಯ ಸೀಮೆಎಣ್ಣೆ ಡಬ್ಬವೊಂದು ಮನೆಗೆ ಬಂತು. ಭಾವ ಅದನ್ನು ಬೂದಿ ಹಾಕಿ ತಿಕ್ಕಿದರು, ಹುಣಸೆಹಣ್ಣು ಹಾಕಿ ತಿಕ್ಕಿದರು, ವಾಸನೆ ಹೋಯಿತೇ ಎಂದು ದಾರಿಯಲ್ಲಿ ಹೋಗುವವರ ಮೂಗಿಗೂ ಹಿಡಿದರು. ಸುತ್ತ ಮಣ್ಣು ಮೆತ್ತಿ, ಮುಂದೆ ಬಾಗಿಲು ಮಾಡಿ, ಮೇಲೆ ಕೆಂಡ ನಿಲ್ಲಲು ಅಂಚು ಕಟ್ಟಿದರು. ಎಲ್ಲ ಮುಗಿಸಿ ಅಡುಗೆಮನೆಯತ್ತ ಹೊತ್ತು ನಡೆದರೆ, ಹೊಸಿಲಲ್ಲಿ ಅತ್ತೆ ನಿಂತಿದ್ದರು. ಗಂಡಸರು ಅಡುಗೆಮನೆಯಲ್ಲಿ ಒಲೆ ಹೂಡುವುದು ಈ ವಂಶದಲ್ಲೇ ಇಲ್ಲ ಎಂದರು. ಬೆಂಕಿ ಬೇಕಿದ್ದರೆ ಬಚ್ಚಲ ಹಂಡೆಯ ಕೆಳಗೆ ಬೇಕಾದಷ್ಟಿದೆ, ಅಲ್ಲಿಟ್ಟುಕೊ ಎಂದು ಕೈ ತೋರಿಸಿದರು. ಅವರು ಬೈದು ಹೇಳಿದ್ದು. ಭಾವ ಅನುಮತಿ ಎಂದುಕೊಂಡರು.

ಅಂದಿನಿಂದ ನಮ್ಮ ಸ್ನಾನದ ಪಾಡು ಕೇಳಬೇಡಿ! ಶಾಲೆಗೆ ಹೊತ್ತಾಯಿತೆಂದು ಎರಡು ಚೊಂಬು ಸುರಿದುಕೊಳ್ಳಲು ಹೋದರೆ, ಹೊರಗಿನಿಂದ ಭಾವನ ಸೂಚನೆಗಳು. ಎಡಗಡೆಗೆ ನೀರು ಸಿಡಿಸಬಾರದು, ಹಾಡು ಹೇಳಬಾರದು, ಬಾಗಿಲು ದಬ್ಬಿ ಮುಚ್ಚಬಾರದು, ಒಳಗೆ ಹಿಟ್ಟು ಉಬ್ಬುತ್ತಿದೆ! ನನ್ನ ಮೈ ಒಣಗಿತೋ ಇಲ್ಲವೋ, ಹಿಟ್ಟು ಮಾತ್ರ ಬೆಚ್ಚಗಿರಬೇಕು.

ಅಕ್ಕ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟಳು. "ಬಚ್ಚಲಲ್ಲಿ ಬೆಂದಿದ್ದನ್ನ ನಾನು ಬಾಯಿಗಿಡೋದಿಲ್ಲ ರೀ."

ಅಲ್ಲಿಗೆ ಭಾವನ ಬಾಳಿಗೊಂದು ಗುರಿ ಸಿಕ್ಕಿತು. ಊರೆಲ್ಲ ಹೊಗಳಿದರೂ ಬೇಡ, ಹೆಂಡತಿ ಒಂದು ತುತ್ತು ತಿಂದು 'ಚೆನ್ನಾಗಿದೆ' ಎನ್ನಬೇಕು. ಅವರ ಬಡ್ತಿಯ ಬಗ್ಗೆ ಕೂಡ ಅವರು ಇಷ್ಟು ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಿಲ್ಲ.

ಮೊದಲು ಕೈಹಾಕಿದ್ದು ಬ್ರೆಡ್ಡಿಗೆ. ಗೋಧಿಹಿಟ್ಟಿಗೆ ಹುಳಿಮಜ್ಜಿಗೆ ಹಾಕಿ ಕಲಸಿ ಮಾಡಿದ ಮೊದಲನೆಯದನ್ನು ಕತ್ತರಿಸಲು ಈಳಿಗೆ ಸಾಲದೆ ಮಚ್ಚು ತರಬೇಕಾಯಿತು. ಎರಡನೆಯದು ಅಕ್ಕನ ಇಡ್ಲಿಹಿಟ್ಟನ್ನು ಕದ್ದು ಮಾಡಿದ್ದು. ಅದು ಅಗಲವಾದ ಒಂದೇ ಇಡ್ಲಿಯಾಗಿ ಹೊರಬಂತು. ಹಲವು ವಾರಗಳ ಹೋರಾಟದ ಮೇಲೆ ಒಂದು ಭಾನುವಾರ ನಿಜವಾಗಿ ಬ್ರೆಡ್ಡಿನಂಥದೇ ಒಂದು ಬ್ರೆಡ್ಡು ಬೆಂದಿತು. ಹೊರಗೆ ಕೆಂಪು, ಒಳಗೆ ಮೆತ್ತಗೆ. ಭಾವ ಹಿಗ್ಗಿಹೋದರು. ತುಂಡುಗಳನ್ನು ತಟ್ಟೆಯಲ್ಲಿಟ್ಟು ಬೀದಿಯ ಮನೆಮನೆಗೂ ಹಂಚಿ ಬಂದರು.

ಇಲ್ಲೇ ಎಡವಟ್ಟಾಯಿತು ನೋಡಿ. ಆಗ ನಮ್ಮ ಕಡೆ ಬ್ರೆಡ್ಡು ತಿನ್ನುತ್ತಿದ್ದವರು ಯಾರು? ಜ್ವರ ಬಂದವರು! ಡಾಕ್ಟರು ಅನ್ನ ಬಿಡಿಸಿದಾಗ ಹಾಲಿನಲ್ಲಿ ಅದ್ದಿ ಕೊಡುವ ಪಥ್ಯ ಅದು. ಮೈ ನೆಟ್ಟಗಿರುವವರು ಬ್ರೆಡ್ಡು ಮುಟ್ಟುತ್ತಿರಲಿಲ್ಲ. ಅದೂ ಅಲ್ಲದೆ, ಸೊರಬದ ಹತ್ತಿರದ ಕ್ಯಾಸನೂರಿನ ಕಾಡಿನ ಕಡೆ ಅದೆಂಥದೋ ಹೊಸ ಜ್ವರ ಕಾಣಿಸಿಕೊಂಡಿದೆ ಎಂದು ಜನ ಬೆದರಿದ್ದ ಕಾಲ. ಸೊರಬದ ಹುಡುಗಿಯೊಬ್ಬಳು ಟ್ರಂಕು ಸಮೇತ ಬಂದು ಇಳಿದಿದ್ದಾಳೆ, ಮನೆಯಲ್ಲಿ ಹಂಚಿ ಮಿಗುವಷ್ಟು ಬ್ರೆಡ್ಡಿದೆ! ಇಷ್ಟು ಸಾಕಲ್ಲ? ಸಂಜೆಯೊಳಗೆ ಊರವರ ಬಾಯಲ್ಲಿ ನಾನು ಹಾಸಿಗೆ ಹಿಡಿದಿದ್ದೆ. ಹಾಲಿನವಳು ಹಾಲನ್ನು ಬೇಲಿಯಾಚೆಯಿಂದಲೇ ಸುರಿದುಹೋದಳು. ಶಾಲೆಗೆ ಹೋದರೆ ಹೆಡ್‌ಮೇಷ್ಟ್ರು ದೂರದಲ್ಲೇ ನಿಂತು, ಅವಸರವೇನಿತ್ತಮ್ಮಾ, ಪೂರ್ತಿ ವಾಸಿಯಾದ ಮೇಲೆ ಬರಬಹುದಿತ್ತು ಎಂದರು.

ಸುದ್ದಿ ಬಸ್ಸು ಹತ್ತಿ ಜಡೆಗೂ ಮುಟ್ಟಿತು. ಮರುದಿನ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ದೇವರ ಕುಂಕುಮ ಕಟ್ಟಿಕೊಂಡು ಬಂದಿಳಿದಳು. ಬಂದು ನೋಡಿದರೆ ನಾನು ಜಗಲಿಯಲ್ಲಿ ಕೂತು ಸುಟ್ಟ ಗೆಣಸು ತಿನ್ನುತ್ತಿದ್ದೇನೆ! ಅಳುತ್ತ ಬಂದ ಶ್ರಮ ದಂಡವಾಯಿತೆಂದು ಅಮ್ಮನಿಗೆ ಸಿಟ್ಟೇ ಬಂತು. ಭಾವ ತಲೆ ತಗ್ಗಿಸಿ ಉಳಿದ ಬ್ರೆಡ್ಡಿನ ಚೂರೊಂದನ್ನು ಮುಂದಿಟ್ಟರು. ಅಮ್ಮ ಮೂಸಿ ನೋಡಿ ತಿಂದಳು. ಜ್ವರ ಇಲ್ಲದೆ ತಿಂದರೆ ಇದು ಇಷ್ಟು ರುಚಿಯಾಗಿರುತ್ತದೆಂದು ತನಗೆ ಗೊತ್ತೇ ಇರಲಿಲ್ಲ ಎಂದಳು.

ಆಮೇಲೆ ಭಾವ ಅವಳನ್ನು ಬಚ್ಚಲಿಗೆ ಕರೆದೊಯ್ದು ತಮ್ಮ ಒಲೆಯ ಮಹಿಮೆಯನ್ನು ವಿವರಿಸಿದರು. ಅಮ್ಮ ಎಲ್ಲ ಕೇಳಿಸಿಕೊಂಡು, "ನಮ್ಮಲ್ಲಿ ಬೋಗುಣಿ ಮುಚ್ಚಳದ ಮೇಲೆ ಕೆಂಡ ಹಾಕಿ ಸೌತೆಕಾಯಿ ಕಡುಬು ಮಾಡ್ತೀವಲ್ಲ, ಅದೇ ಅಲ್ವ ಇದು?" ಎಂದಳು. ಬಟ್ಲರನ ವಿದ್ಯೆಯೆಲ್ಲ ಒಂದು ಮಾತಿಗೆ ಇಳಿದುಹೋಯಿತು! ಆದರೆ ಭಾವನ ಕಿವಿ ನೆಟ್ಟಗಾದದ್ದು ಮುಂದಿನ ಮಾತಿಗೆ. ನಿಮ್ಮ ಹೆಂಡತಿ ಚಿಕ್ಕವಳಿದ್ದಾಗ ಆ ಕಡುಬಿನ ತಳದಲ್ಲಿ ಕೆಂಪಗೆ ಹಿಡಿದ ಚೂರಿಗಾಗಿ ತಂಗಿಯ ಜುಟ್ಟು ಹಿಡಿಯುತ್ತಿದ್ದಳು ಎಂದು ಅಮ್ಮ ನಕ್ಕಳು. ಆ ಜುಟ್ಟು ನನ್ನದೇ.

ಆ ಮಳೆಗಾಲವಿಡೀ ಸೌತೆಕಾಯಿಗಳಿಗೆ ಉಳಿಗಾಲವಿರಲಿಲ್ಲ. ತುರಿದ ಸೌತೆಕಾಯಿ, ಅಕ್ಕಿ ತರಿ, ಬೆಲ್ಲ, ಕಾಯಿತುರಿ, ಒಂದಿಷ್ಟು ಏಲಕ್ಕಿ, ಕೆಳಗೆ ಬಾಳೆ ಎಲೆ. ಕೆಂಡದ ನಡುವೆ ಅದು ಬೇಯುವಾಗಿನ ಘಮಕ್ಕೆ ಅತ್ತೆಯ ಜಪ ಕೂಡ ತಪ್ಪುತ್ತಿತ್ತು. ತಿನ್ನಬೇಕೆಂಬ ಆಸೆ, ಆದರೆ ಬಚ್ಚಲದ್ದು! ಕೊನೆಗೆ ಅವರೇ ದಾರಿ ಕಂಡುಹಿಡಿದರು. ಕಡುಬು ಬಚ್ಚಲ ಬಾಗಿಲಿಂದ ಒಳಗೆ ಬರಕೂಡದು. ಹಿತ್ತಲಿಗೆ ಹೋಗಿ, ಮನೆ ಸುತ್ತಿ, ತುಳಸಿಕಟ್ಟೆಯ ಮುಂದೆ ಹಾದು, ಮುಂಬಾಗಿಲಲ್ಲಿ ಕಾಲು ತೊಳೆದು ತರಬೇಕು.

"ಮುಂಬಾಗಿಲಿಂದ ಬಂದಮ್ಯಾಲೆ ಅದು ಮನಿ ಅಡಿಗೀನೇ ಆತಲ್ಲ," ಎಂದು ಅತ್ತೆ ಎರಡನೆಯ ಸಲ ಹಾಕಿಸಿಕೊಂಡರು. ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು, ಕಡುಬಿನ ಪಾತ್ರೆಯನ್ನು ಎದೆಗವಚಿಕೊಂಡು ಸ್ವಂತ ಮನೆಗೆ ಪ್ರದಕ್ಷಿಣೆ ಬರುತ್ತಿದ್ದ ಗುಮಾಸ್ತರನ್ನು ನೋಡಲು ಬೀದಿಯವರು ಕಿಟಕಿಯಲ್ಲಿ ಕಾಯುತ್ತಿದ್ದರು.

ಅತ್ತೆ ತಿಂದರು, ಮಕ್ಕಳು ತಿಂದರು, ನಾನಂತೂ ಸರಿಯೇ. ಅಕ್ಕ? ಅವಳ ಹಟವೂ ಸಡಿಲಿತ್ತು. ಎಲ್ಲರದೂ ಆಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದಳು. ಆದರೆ ಎಲ್ಲರದೂ ಆಗುವ ಹೊತ್ತಿಗೆ ಪಾತ್ರೆಯಲ್ಲಿ ಬಾಳೆ ಎಲೆ ಮಾತ್ರ ಉಳಿದಿರುತ್ತಿತ್ತು. ಭಾವ ಪ್ರತಿಸಲವೂ ಬಂದು ಪಾತ್ರೆಯೊಳಗೆ ಇಣುಕಿ ಹೋಗುತ್ತಿದ್ದರು. ಪಾತ್ರೆ ಖಾಲಿಯಾದ ಹೆಮ್ಮೆ ಇರಬೇಕು ಎಂದುಕೊಂಡಿದ್ದೆ.

ಒಂದು ಭಾನುವಾರ ಎಲೆ ಹಾಕಿದರೂ ಕಡುಬು ಬರಲಿಲ್ಲ. ಇವತ್ತು ಕೆಂಡ ಸರಿ ಹಿಡಿದಿಲ್ಲ, ಇನ್ನೂ ಬೆಂದಿಲ್ಲ ಎಂದು ಭಾವ ಅನ್ನ ಸಾರು ಉಂಡು ಎದ್ದರು. ಮಕ್ಕಳು ಗೊಣಗಿದರು. ಬಟ್ಲರ್ ಕೈಕೊಟ್ಟನಾ ಭಾವ ಎಂದು ನಾನು ಛೇಡಿಸಿದೆ. ನಮ್ಮ ಸರದಿಯೂ ಮುಗಿಯಿತು. ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತರು. ಅಕ್ಕ ಎಂದಿನಂತೆ ಮೂಲೆಯಲ್ಲಿ ಕೂತು, ಆರಿ ಕಲ್ಲಾದ ಅನ್ನಕ್ಕೆ ತಣ್ಣನೆಯ ಸಾರು ಬಡಿಸಿಕೊಂಡಳು.

ಆಗ ಮುಂಬಾಗಿಲಲ್ಲಿ ಕಾಲು ತೊಳೆಯುವ ಸದ್ದಾಯಿತು. ಪಂಚೆಯ ಚುಂಗಿನಲ್ಲಿ ಪಾತ್ರೆ ಹಿಡಿದು ಭಾವ ಬಂದರು. ನಡುಮನೆ ದಾಟಿದರು. ಅಡುಗೆಮನೆಯ ಹೊಸಿಲನ್ನೂ ದಾಟಿದರು! ಅಕ್ಕನ ಮುಂದೆ ನೆಲದ ಮೇಲೆ ಕೂತು, ಪಾತ್ರೆ ಬೋರಲು ಹಾಕಿ, ತಳದ ಕೆಂಪು ಚೂರನ್ನು ಬಿಡಿಸಿ ಅವಳ ಎಲೆಗೆ ಇಟ್ಟರು. ಹಬೆ ಎದ್ದು ಅವಳ ಮುಖಕ್ಕೆ ಬಡಿಯಿತು.

"ಉಣ್ಣು," ಎಂದರು. "ಬಿಸಿ ಐತಿ."

ಅಕ್ಕ ಅವಸರದಲ್ಲಿ ಮುರಿಯಲು ಹೋಗಿ ತಟ್ಟನೆ ಕೈ ಹಿಂದೆಳೆದುಕೊಂಡಳು. "ಸುಡ್ತದೆ ರೀ," ಎಂದಳು. ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. ಮದುವೆಯಾಗಿ ಬಂದ ಮೇಲೆ ಅವಳ ಎಲೆಯ ಮೇಲಿನದು ಅವಳ ಬೆರಳು ಸುಟ್ಟದ್ದು ಅದೇ ಮೊದಲಿರಬೇಕು. ಬಂಗಲೆಯಲ್ಲಿ ಸಾಹೇಬರ ಹೆಂಡತಿ ಬಿಸಿಬಿಸಿ ಉಂಡದ್ದನ್ನು ಭಾವ ಅಷ್ಟು ಬೆರಗಿನಿಂದ ಹೇಳಿದ್ದು ಯಾಕೆಂದು ನನಗೆ ಆಗ ತಿಳಿಯಿತು.

ಹಿಂದಿರುಗಿ ನೋಡಿದರೆ ಹೊಸಿಲ ಮೇಲೆ ಅತ್ತೆ. ಇನ್ನೇನು ಮನೆ ಹಾರಿಹೋಗುತ್ತದೆ ಎಂದುಕೊಂಡೆ. ಅವರು ಮಗನನ್ನು ನೋಡಿದರು, ಸೊಸೆಯ ಎಲೆಯಿಂದ ಏಳುತ್ತಿದ್ದ ಹಬೆಯನ್ನು ನೋಡಿದರು.

"ನಿಮ್ಮಪ್ಪಗ ಇದು ತಿಳೀಲಿಲ್ಲ ನೋಡಪ್ಪ," ಎಂದರು.

ಅಕ್ಕ ಎದ್ದು, ತನ್ನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದಳು. ಊಟವಾಗಿ ಬಾಯಿ ಕೆಂಪಾಗಿದ್ದ ಅತ್ತೆ ಬಾಯಿ ಮುಕ್ಕಳಿಸಿ ಬಂದು, ಸೊಸೆಯ ಜೊತೆ ಕೂತರು.